ಗಾಳದ ಜತೆ ಕ್ಯಾಮೆರಾ: ಮೀನು ಹಿಡಿಯೋ ವಿಡಿಯೋ ಮಾಡುವವರು ಯಾವುದು ತಗೋಬೇಕು, ಹೇಗೆ ಬಳಸಬೇಕು?

ಕುಂದಾಪುರ: ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟು ದಡ ಸೇರಿದ ಮೇಲೆ ಹೊಳೆ ಬದಿಯಲ್ಲಿ ಗಾಳ, ಬೀಸುಬಲೆ ಹಿಡಿದವರ ಸಾಲು ಶುರು. ಗಂಗೊಳ್ಳಿ, ಕೋಡಿ, ಹೆಮ್ಮಾಡಿ, ಅರಾಟೆ, ಮರವಂತೆ ಎಲ್ಲಿ ನೋಡಿದರೂ ಒಬ್ಬ ಗಾಳ ಹಾಕುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಮೊಬೈಲ್ ಹಿಡಿದು ನಿಂತಿರುತ್ತಾನೆ. ಒಬ್ಬನೇ ಬಂದಿದ್ದರೆ ಒಂದು ಕೈಯಲ್ಲಿ ಗಾಳ, ಇನ್ನೊಂದು ಕೈಯಲ್ಲಿ ಫೋನ್.

ಆದರೆ ಇಂಥ ಹತ್ತು ವಿಡಿಯೋ ನೋಡಿದರೆ ಎಂಟರಲ್ಲಿ ಅದೇ ತಪ್ಪು. ಮೀನು ಕಚ್ಚಿದ ಹೊತ್ತಿಗೆ ಕ್ಯಾಮೆರಾ ಆಫ್. ಮುಖ ಕಪ್ಪು, ಆಕಾಶ ಬಿಳಿ. ಮಾತು ಕೇಳುವ ಜಾಗದಲ್ಲಿ ಬರೀ ಗಾಳಿಯ ಸದ್ದು. ಇದಕ್ಕೆ ದುಬಾರಿ ಕ್ಯಾಮೆರಾ ಮದ್ದಲ್ಲ. ಕ್ಯಾಮೆರಾ ಎಲ್ಲಿ ಕೂರುತ್ತದೆ, ಕೈ ಎರಡೂ ಖಾಲಿ ಇವೆಯೇ ಅನ್ನೋದೇ ಮುಖ್ಯ. 4ಕೆ, 5ಕೆ ಎಲ್ಲ ಆಮೇಲೆ.

ಮೊದಲು ಕಿಸೆಯಲ್ಲಿರೋ ಫೋನ್

ಹೊಳೆ ದಡದಲ್ಲಿ ಕೂತು ಗಾಳ ಹಾಕುವವರಿಗೆ ಸದ್ಯಕ್ಕೆ ಫೋನೇ ಸಾಕು. ಗಟ್ಟಿಯಾದ ಸಣ್ಣ ಟ್ರೈಪಾಡ್, ಫೋನ್ ಹಿಡಿಯುವ ಕ್ಲಿಪ್ ಇದ್ದರೆ ಆಯ್ತು. ಟ್ರೈಪಾಡ್ ಕಾಲಿಗೆ ಕಲ್ಲು ತುಂಬಿದ ಚೀಲ ಕಟ್ಟಬೇಕು, ಇಲ್ಲಾಂದ್ರೆ ಮಳೆಗಾಲದ ಗಾಳಿಗೆ ಫೋನ್ ಸಮೇತ ಹೊಳೆಗೆ.

ಫೋನ್ ಡಬ್ಬದ ಮೇಲೆ ಐಪಿ68 ಅಂತ ಇದ್ದರೆ ನೀರಿಗೆ ಹೆದರಬೇಡ ಅಂತ ಹಲವರ ತಿಳಿವಳಿಕೆ. ಆ ಪರೀಕ್ಷೆ ನಡೆಯೋದು ಸಿಹಿನೀರಲ್ಲಿ, ಅದೂ ನಿಂತ ನೀರಲ್ಲಿ. ಉಪ್ಪುನೀರಿನ ಲೆಕ್ಕವೇ ಬೇರೆ. ಚಾರ್ಜಿಂಗ್ ತೂತಿನೊಳಗೆ ಉಪ್ಪು ಕೂತರೆ ತುಕ್ಕು ಹಿಡಿಯೋದು ಖಂಡಿತ. ನೀರಿನಿಂದ ಕೆಟ್ಟರೆ ಬಹುತೇಕ ಕಂಪನಿಗಳು ವಾರಂಟಿಯೂ ಕೊಡುವುದಿಲ್ಲ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ವಾಟರ್‌ಪ್ರೂಫ್ ಚೀಲ ತಂದರೆ, ಫೋನ್ ಹಾಕುವ ಮೊದಲು ಒಳಗೆ ಒಂದು ತುಂಡು ಟಿಶ್ಯೂ ಪೇಪರ್ ಇಟ್ಟು ಅರ್ಧ ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ ನೋಡಬೇಕು. ಪೇಪರ್ ಒದ್ದೆಯಾದರೆ ಚೀಲ ಕಸದ ಬುಟ್ಟಿಗೆ.

ನಸುಕಿನ ಮಬ್ಬು ಬೆಳಕಲ್ಲಿ ಹಳೆಯ ಆ್ಯಕ್ಷನ್ ಕ್ಯಾಮೆರಾಕ್ಕಿಂತ ಈಗಿನ ಸಾಧಾರಣ ಫೋನಿನ ಚಿತ್ರವೇ ಎಷ್ಟೋ ಸಲ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ 5 ಗಂಟೆಗೆ ಕಾಣೆ ಹಿಡಿಯಲು ಹೋಗುವವರು ಇದನ್ನು ಯೋಚಿಸಿಯೇ ದುಡ್ಡು ಬಿಚ್ಚುವುದು ಒಳ್ಳೆಯದು.

ಆ್ಯಕ್ಷನ್ ಕ್ಯಾಮೆರಾ ಯಾರಿಗೆ?

ಪಾತಿ ದೋಣಿ, ನಾಡದೋಣಿಯಲ್ಲಿ ಹೋಗುವವರು, ಬೀಸುಬಲೆ ಹಾಕುವವರು, ಸೊಂಟಮಟ್ಟ ನೀರಿಗೆ ಇಳಿಯುವವರು, ಇವರಿಗೆ ಆ್ಯಕ್ಷನ್ ಕ್ಯಾಮೆರಾ ನಿಜಕ್ಕೂ ಉಪಯೋಗ. ಗೋಪ್ರೋದ ಹೀರೋ ಬ್ಲ್ಯಾಕ್ ಮಾಡೆಲ್‌ಗಳು 2016ರ ಹೀರೋ5ರಿಂದ ಈಚೆಗೆ ಬೇರೆ ಕವರ್ ಇಲ್ಲದೆಯೇ 10 ಮೀಟರ್ ಆಳ ತಡೆಯುತ್ತವೆ. ಡಿಜೆಐ ಆಸ್ಮೋ ಆ್ಯಕ್ಷನ್ 4 ಮಾಡೆಲ್‌ಗೆ ಕಂಪನಿ ಹೇಳುವುದು 18 ಮೀಟರ್. ಸುತ್ತಲೂ 360 ಡಿಗ್ರಿ ತೆಗೆಯುವ ಇನ್‌ಸ್ಟಾ360 ಎಕ್ಸ್3 ಕೂಡ 10 ಮೀಟರ್. ನಮ್ಮ ಹೊಳೆಗೆ ಇವು ಮೂರೂ ಧಾರಾಳ. 360 ಕ್ಯಾಮೆರಾದಲ್ಲಿ ಒಂದು ಅನುಕೂಲ ಅಂದ್ರೆ ಗುರಿ ಹಿಡಿಯುವ ತಲೆಬಿಸಿ ಇಲ್ಲ, ಎಲ್ಲ ಕಡೆಯೂ ದಾಖಲಾಗುತ್ತದೆ. ಆದರೆ ಮನೆಗೆ ಬಂದು ಬೇಕಾದ ಕೋನ ಆರಿಸುತ್ತಾ ಕೂರಬೇಕು. ಲೆನ್ಸ್ ಎರಡೂ ಹೊರಗೆ ಉಬ್ಬಿರುವುದರಿಂದ ಬಂಡೆಗೆ ತಾಗಿದರೆ ಗೀರು ಗ್ಯಾರಂಟಿ.

ಒಳ್ಳೆಯ ಕಂಪನಿಯ ಹೊಸ ಮಾಡೆಲ್ ಅಂದ್ರೆ ಬೆಲೆ ಸುಲಭವಾಗಿ 30 ಸಾವಿರ ರೂಪಾಯಿ ದಾಟುತ್ತದೆ. ಅದರ ಮೇಲೆ ಕಾರ್ಡ್, ಎರಡನೇ ಬ್ಯಾಟರಿ, ಎದೆಪಟ್ಟಿ, ತೇಲುವ ಹಿಡಿ. ಯೂಟ್ಯೂಬಿನಿಂದ ಬರುತ್ತದೆ ಅಂತ ನಂಬಿ ಇಎಂಐ ಹಾಕಿಸಿಕೊಳ್ಳುವ ಹುಡುಗರಿದ್ದಾರೆ. ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ ಜತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಇಎಂಐ ಮಾತ್ರ ಮುಂದಿನ ತಿಂಗಳಿಂದಲೇ ಶುರು. ಮದುವೆ ಫೋಟೋಗ್ರಾಫರ್ ಹತ್ತಿರವೋ ಗೆಳೆಯರ ಹತ್ತಿರವೋ ಒಂದು ದಿನಕ್ಕೆ ಬಾಡಿಗೆಗೆ ತಂದು ನೋಡಿದರೆ ಬೇಕೋ ಬೇಡವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬ್ಯಾಟರಿ ಬಾಗಿಲು ತೆಗೆದು ನೋಡಲೇಬೇಕು. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಅದು ಉಪ್ಪುನೀರು ಕುಡಿದ ಮಾಲು. ಬಾಗಿಲಿನ ರಬ್ಬರ್ ಸೀಳಿದೆಯಾ, ಬ್ಯಾಟರಿ ಉಬ್ಬಿದೆಯಾ, ಲೆನ್ಸ್ ಒಳಗೆ ಮಂಜು ಇದೆಯಾ ನೋಡಿ, 20 ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿಸಿ ಆಮೇಲೆ ಮಾತು. ಹೊರದೇಶದಿಂದ ತಂದ ಪೀಸ್ ಅಗ್ಗವಾಗಿ ಸಿಕ್ಕರೂ ಇಲ್ಲಿ ವಾರಂಟಿ ಸಿಗುತ್ತದಾ ಅಂತ ಕೇಳಿಕೊಳ್ಳಬೇಕು.

ಕಾರ್ಡ್ ವಿಷಯದಲ್ಲಿ ಮೋಸ

ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ 1 ಟಿಬಿ ಮೆಮೊರಿ ಕಾರ್ಡ್ ಅಂತ ಬರುತ್ತದೆ. ಅದು ನಕಲಿ. ಫೋನಿಗೆ ಹಾಕಿದರೆ 1 ಟಿಬಿ ಅಂತಲೇ ತೋರಿಸುತ್ತದೆ, ಅಷ್ಟು ಜಾಗ ಮಾತ್ರ ಒಳಗಿರುವುದಿಲ್ಲ. ನಿಜವಾದ ಜಾಗ ತುಂಬಿದ ಮೇಲೆ ತೆಗೆದದ್ದೆಲ್ಲ ಹಾಳು. ಪೇಟೆಯ ಅಂಗಡಿಯಲ್ಲಿ ಬಿಲ್ ಸಮೇತ ತಗೊಂಡರೆ ವಾಪಸ್ ಹೋಗಿ ಕೇಳಲು ಒಂದು ಬಾಗಿಲಾದರೂ ಇರುತ್ತದೆ. ಅಂಗಡಿಯವರೂ ಸಗಟು ಮಾಲು ಬಂದಾಗ ಒಂದೆರಡು ಕಾರ್ಡನ್ನು ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿಟ್ಟುಕೊಂಡರೆ ಆಮೇಲೆ ಗಿರಾಕಿ ಜತೆ ಜಗಳ ತಪ್ಪುತ್ತದೆ.

ಕಾರ್ಡಿನ ಮೇಲೆ ವಿ30 ಗುರುತು ಇರಬೇಕು. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅದರ ಅರ್ಥ. ಸೆಕೆಂಡಿಗೆ 60 ಮೆಗಾಬಿಟ್ ಲೆಕ್ಕದಲ್ಲಿ 4ಕೆ ತೆಗೆದರೆ ಗಂಟೆಗೆ ಸುಮಾರು 27 ಜಿಬಿ ಬೇಕು. 128 ಜಿಬಿ ಕಾರ್ಡಿನಲ್ಲಿ ನಾಲ್ಕು ಗಂಟೆ ಚಿಲ್ಲರೆ. ಮೊಬೈಲಲ್ಲೇ ನೋಡುವ ವಿಡಿಯೋಗೆ 1080 ಸಾಕು. ಜಾಗವೂ ಉಳಿಯುತ್ತದೆ, ಕ್ಯಾಮೆರಾ ಬಿಸಿಯಾಗುವುದೂ ಕಡಿಮೆ. ಬಿಸಿ ಅಂದಾಗ ನೆನಪಿಡಬೇಕಾದ್ದು: ಗಾಳಿ ಇಲ್ಲದ ಏಪ್ರಿಲ್ ಮಧ್ಯಾಹ್ನ ನಿಂತ ದೋಣಿಯಲ್ಲಿ 4ಕೆ ಓಡಿಸಿದರೆ ಎಂಥ ಕ್ಯಾಮೆರಾವೂ ಬಿಸಿಯಾಗಿ ಬಂದ್ ಆಗಬಹುದು. ತಂಪಾಗಲಿ ಅಂತ ಐಸ್ ಡಬ್ಬಕ್ಕೆ ಹಾಕೋದು ಬೇಡವೇ ಬೇಡ, ಒಳಗೆ ನೀರು ಹನಿಯುತ್ತದೆ. ಒದ್ದೆ ಇಲ್ಲದ ಬಿಳಿ ಬಟ್ಟೆಯ ನೆರಳು ಸಾಕು.

ಮೀನು ಕಚ್ಚಿದ್ದು ಹೇಗೆ ಸಿಗುತ್ತದೆ?

ಎರಡು ಗಂಟೆ ಕಾದ ಮೇಲೆ ಕೆಂಬೇರಿ ಎಳೆಯೋದು ಎರಡೇ ನಿಮಿಷ. ಆ ಎರಡು ನಿಮಿಷಕ್ಕಾಗಿ ಎರಡು ಗಂಟೆ ರೆಕಾರ್ಡ್ ಮಾಡಿದರೆ ಬ್ಯಾಟರಿ ಮುಗಿಯುತ್ತದೆ. ಮೀನು ಕಚ್ಚಿದ ಮೇಲೆ ಬಟನ್ ಒತ್ತಲು ಹೋದರೆ ಮೀನು ಹೋಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಲೂಪ್ ರೆಕಾರ್ಡಿಂಗ್. ಕ್ಯಾಮೆರಾ ರೆಕಾರ್ಡ್ ಮಾಡುತ್ತಲೇ ಇರುತ್ತದೆ, ಆದರೆ ಕೊನೆಯ 5 ನಿಮಿಷ ಮಾತ್ರ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಮೀನು ದೋಣಿಗೆ ಬಂದ ಮೇಲೆ ನಿಧಾನಕ್ಕೆ ನಿಲ್ಲಿಸಿದರೆ ಕಚ್ಚಿದ್ದು, ಎಳೆದದ್ದು ಎಲ್ಲ ಕಾರ್ಡಿನಲ್ಲಿರುತ್ತದೆ. ಇದರಲ್ಲಿ ಉಳಿಯೋದು ಕಾರ್ಡಿನ ಜಾಗ, ಮನೆಯಲ್ಲಿ ಹುಡುಕುವ ಸಮಯ, ಬ್ಯಾಟರಿ ಅಲ್ಲ. ಗೋಪ್ರೋ ಹೀರೋ9ರಿಂದ ಈಚೆಗೆ ಹೈಂಡ್‌ಸೈಟ್ ಅಂತ ಇನ್ನೊಂದು ಸೌಲಭ್ಯ ಇದೆ. ಬಟನ್ ಒತ್ತುವ ಮೊದಲಿನ 15 ಅಥವಾ 30 ಸೆಕೆಂಡ್ ಸೇರಿಸಿ ಉಳಿಸುತ್ತದೆ. ಡಿಜೆಐಯಲ್ಲೂ ಇಂಥದ್ದು ಇದೆ. ಕ್ಯಾಮೆರಾ ಎಚ್ಚರವಾಗಿಯೇ ಇರುವುದರಿಂದ ಎರಡಕ್ಕೂ ಬ್ಯಾಟರಿ ಬೇಕು. ಒಂದು ಬ್ಯಾಟರಿ ಗಂಟೆ, ಒಂದೂವರೆ ಗಂಟೆ ಅಂತ ಲೆಕ್ಕ ಹಾಕಿ ಎರಡು, ಮೂರು ಇಟ್ಟುಕೊಳ್ಳುವುದೇ ದಾರಿ. ದೋಣಿಯಲ್ಲಿ ಪವರ್ ಬ್ಯಾಂಕ್ ಜೋಡಿಸಿದರೆ ಬಾಗಿಲು ತೆರೆದಿರುತ್ತದೆ, ಆಗ ವಾಟರ್‌ಪ್ರೂಫ್ ಅನ್ನೋದು ಹೆಸರಿಗೆ ಮಾತ್ರ.

ಎಲ್ಲಿ ಕಟ್ಟೋದು ಅನ್ನೋದಕ್ಕೆ ಎದೆಯೇ ಒಳ್ಳೆ ಜಾಗ. ಗಾಳ, ಕೈ, ಎದುರಿನ ನೀರು ಮೂರೂ ಕಾಣುತ್ತವೆ. ಆದರೆ ಲೈಫ್ ಜಾಕೆಟ್ ಹಾಕಿದರೆ ಎದೆಪಟ್ಟಿ ಮುಚ್ಚಿಹೋಗುತ್ತದೆ. ಅದಕ್ಕೆ ಜಾಕೆಟ್ ಬಿಚ್ಚುವುದಲ್ಲ, ಕ್ಯಾಮೆರಾವನ್ನು ಭುಜದ ಪಟ್ಟಿಗೆ ಕ್ಲಿಪ್ ಮಾಡುವುದು. ತಲೆಗೆ ಕಟ್ಟಿದರೆ ತಲೆ ಅಲ್ಲಾಡಿದಂತೆ ವಿಡಿಯೋವೂ ಅಲ್ಲಾಡಿ ನೋಡುವವರಿಗೆ ತಲೆ ಸುತ್ತುತ್ತದೆ. ದೋಣಿಯ ಅಂಚಿಗೆ ಕ್ಲಾಂಪ್ ಹಾಕುವವರು ಮಧ್ಯೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಇಂಜಿನ್ನಿನ ನಡುಕ ಕಡಿಮೆಯಾಗುತ್ತದೆ. ಅಂಟಿಸುವ ಮೌಂಟ್ ಆದರೆ ಉಪ್ಪು, ಎಣ್ಣೆ ಒರೆಸಿ ಒಣಗಿಸಿ ಹಿಂದಿನ ದಿನವೇ ಅಂಟಿಸಿಡಬೇಕು. ಎಲ್ಲಕ್ಕೂ ಮೇಲೆ ಒಂದು ನೈಲಾನ್ ದಾರ ಕ್ಯಾಮೆರಾಕ್ಕೂ ದೋಣಿಗೂ ಕಟ್ಟಿರಲೇಬೇಕು. ಈ ಕ್ಯಾಮೆರಾಗಳು ತೇಲುವುದಿಲ್ಲ, ಸೀದಾ ತಳಕ್ಕೆ.

ಹೊರೈಜನ್ ಲಾಕ್ ಇದ್ದರೆ ಆನ್ ಮಾಡಿ ಇಡಬೇಕು. ದೋಣಿ ಎಷ್ಟು ವಾಲಿದರೂ ಕಡಲಿನ ಗೆರೆ ನೆಟ್ಟಗಿರುತ್ತದೆ.

ಬೆಳಕು, ಸದ್ದು

ನಮ್ಮ ಕಡಲು ಪಡುವಣಕ್ಕೆ. ಸಂಜೆ ಮರವಂತೆಯಲ್ಲಿ ಕಡಲು ಹಿನ್ನೆಲೆ ಮಾಡಿ ನಿಂತರೆ ಮುಖ ಕಪ್ಪಾಗದೆ ಇನ್ನೇನು? ಬೆಳಿಗ್ಗೆ ಅದೇ ಜಾಗದಲ್ಲಿ ಬಿಸಿಲು ಹಿಂದಿನಿಂದ ಬಂದು ಮೀನಿನ ಬಣ್ಣ ಚೆನ್ನಾಗಿ ಕಾಣುತ್ತದೆ. ರಸ್ತೆ ದಾಟಿದರೆ ಸೌಪರ್ಣಿಕಾ, ಅಲ್ಲಿ ಸಂಜೆ ಹೊಳೆ ಹಿನ್ನೆಲೆಗೆ ನಿಂತರೆ ಬೆಳಕು ಸರಿ. ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಫೋನಿನ ಲೆನ್ಸ್ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಹೊಳಪು ಹೋಗಿ ನೀರಿನ ಒಳಗೆ ಕಾಣುತ್ತದೆ. ಮಳೆಗಾಲದ ಕೆಂಪು ನೀರಲ್ಲಿ ಕ್ಯಾಮೆರಾ ಮುಳುಗಿಸುವುದು ಸುಮ್ಮನೆ ಶ್ರಮ.

ಗಾಳಿಯ ಸದ್ದಿಗೆ ಮೈಕಿನ ಮೇಲೆ ತೆಳು ಸ್ಪಾಂಜ್ ಹಾಕಿದರೆ ಸ್ವಲ್ಪ ವಾಸಿ. ಅದಕ್ಕಿಂತ ಮನೆಯಲ್ಲಿ ಫ್ಯಾನ್ ಬಂದ್ ಮಾಡಿ ಫೋನಿನಲ್ಲೇ ಮಾತು ರೆಕಾರ್ಡ್ ಮಾಡಿ ಸೇರಿಸುವುದು ಸುಲಭ. ಕುಂದಾಪ್ರ ಕನ್ನಡದಲ್ಲೇ ಮಾತಾಡಿದರೆ ಇನ್ನೂ ಚೆಂದ. ಟಿವಿ ಕನ್ನಡದಲ್ಲಿ ಬಂಗುಡೆ ಬಗ್ಗೆ ಹೇಳಿದರೆ ಬಂಗುಡೆಗೂ ನಗು ಬಂದೀತು.

ಜಾಗದ ಗುಟ್ಟು, ಜೀವದ ವಿಷಯ

ಮುರು ಮೀನು ಸಿಗುವ ಕಲ್ಲು ಎಲ್ಲಿದೆ ಅಂತ ಹಿರಿಯರು ಸ್ವಂತ ಅಳಿಯನಿಗೂ ಹೇಳುವುದಿಲ್ಲ. ವಿಡಿಯೋ ಹೇಳಿಬಿಡುತ್ತದೆ. ಫೋನ್ ಕ್ಯಾಮೆರಾದ ಸೆಟ್ಟಿಂಗಲ್ಲಿ ಲೊಕೇಶನ್ ಆನ್ ಇದ್ದರೆ ಫೈಲಿನೊಳಗೆ ಜಾಗ ಬರೆದಿರುತ್ತದೆ; ಆ ಫೈಲನ್ನೇ ಯಾರಿಗಾದರೂ ಕಳಿಸಿದರೆ ಗುಟ್ಟು ಹೋಯ್ತು. ಅದನ್ನು ಆಫ್ ಮಾಡಿದರೂ ಹಿಂದೆ ಸೇತುವೆಯ ಕಂಬವೋ ಟವರೋ ಕಂಡರೆ ಊರವರಿಗೆ ಅಷ್ಟು ಸಾಕು. ಬೇರೆಯವರ ದೋಣಿಯಲ್ಲಿ ಹೋದಾಗ ತಾಂಡೇಲರನ್ನು ಕೇಳದೆ ರೆಕಾರ್ಡ್ ಮಾಡಬಾರದು. ಅದು ಅವರ ಜಾಗ, ಅವರ ಅನ್ನ.

ಬಲೆಗೆ ಕಡಲಾಮೆ, ತಿಮಿಂಗಿಲ ಶಾರ್ಕ್, ಗರಗಸ ಮೀನು ಬಿದ್ದರೆ ಬಿಡಿಸಿ ನೀರಿಗೆ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳಿಗೆ ರಕ್ಷಣೆ ಇದೆ. ಎತ್ತಿ ಹಿಡಿದು ಪೋಸ್ ಕೊಟ್ಟ ವಿಡಿಯೋ ನಾಳೆ ಹಾಕಿದವರ ವಿರುದ್ಧವೇ ಸಾಕ್ಷಿಯಾಗಬಹುದು. ಕೋಡಿಯ ಮರಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ, ಅಲ್ಲಿ ರಾತ್ರಿ ಕ್ಯಾಮೆರಾ ಲೈಟ್ ಹಾಕಿ ಹತ್ತಿರ ಹೋಗುವುದೂ ತಪ್ಪು.

ಅಳಿವೆ ದಾಟುವಾಗ ಕ್ಯಾಮೆರಾ ಮುಟ್ಟಬಾರದು, ಕಟ್ಟಿದ ಜಾಗದಲ್ಲೇ ಇರಲಿ, ಕೈ ದೋಣಿಯ ಮೇಲಿರಲಿ. ಕತ್ತಿಗೆ ದಾರ ಹಾಕಿಕೊಂಡು ಕ್ಯಾಮೆರಾ ನೇತಾಡಿಸುವುದು ಬಲೆ ಹಾಕುವವರಿಗೆ ಅಪಾಯ, ಬಲೆಗೆ ಸಿಕ್ಕರೆ ಮನುಷ್ಯನನ್ನೇ ಎಳೆಯುತ್ತದೆ. ಬಂಡೆ ಮೇಲೆ ಗಾಳ ಹಾಕುವವರು ಹತ್ತುವ ಮೊದಲು ಹತ್ತು, ಹದಿನೈದು ನಿಮಿಷ ದೂರ ನಿಂತು ಅಲೆ ನೋಡಬೇಕು. ಒದ್ದೆಯಾದ ಬಂಡೆ ಅಂದ್ರೆ ಅಲ್ಲಿಗೆ ಅಲೆ ಬರುತ್ತದೆ ಅಂತಲೇ. ಬಿದ್ದ ಫೋನ್ ಹಿಂದೆ ನೀರಿಗೆ ಹಾರುವುದು ಯಾವ ಕಾರಣಕ್ಕೂ ಬೇಡ. ಕಡಲಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ದಡದಲ್ಲಿ 112.

ಮನೆಗೆ ಬಂದ ಮೇಲೆ

ಬಾಗಿಲು ಮುಚ್ಚಿಯೇ ಇರುವಾಗ ಕ್ಯಾಮೆರಾವನ್ನು 15 ನಿಮಿಷ ಸಿಹಿನೀರಲ್ಲಿ ನೆನೆಸಿಡಬೇಕು. ಬರೀ ಒರೆಸಿದರೆ ಉಪ್ಪು ಸಂದಿಯಲ್ಲೇ ಒಣಗಿ ಬಾಗಿಲು ಅಂಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಬಾಗಿಲು ತೆಗೆದು ರಬ್ಬರಿನಲ್ಲಿ ಮರಳು, ಕೂದಲು ಇದೆಯಾ ನೋಡುವುದು. ಒಂದೇ ಒಂದು ಕೂದಲು ಸಾಕು ನೀರು ಒಳಗೆ ಹೋಗಲು. ವಿಡಿಯೋ ಬೇರೆ ಕಡೆ ಕಾಪಿಯಾಗಿದೆ ಅಂತ ತೆರೆದು ನೋಡಿಯೇ ಕಾರ್ಡ್ ಫಾರ್ಮ್ಯಾಟ್ ಮಾಡಬೇಕು, ಅದೂ ಕಂಪ್ಯೂಟರಲ್ಲಿ ಅಲ್ಲ, ಕ್ಯಾಮೆರಾದಲ್ಲೇ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಹೊರಗೆ ತೆಗೆದು, ಕ್ಯಾಮೆರಾವನ್ನು ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿಟ್ಟರೆ ಮಳೆಗಾಲದ ಬೂಸ್ಟು ಹತ್ತಿರ ಬರುವುದಿಲ್ಲ.