ನೂರು ವರ್ಷ ತಡವಾಗಿ ಬಂದ ಕೈಗವಸು

1980ರ ದಶಕದ ಮೊದಲರ್ಧದವರೆಗೂ, ಬೆಂಗಳೂರಿರಲಿ ನ್ಯೂಯಾರ್ಕ್ ಇರಲಿ, ಹೆಚ್ಚಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಗೆ ಬರಿಗೈಯನ್ನೇ ಹಾಕುತ್ತಿದ್ದರು. ಒಬ್ಬರ ಹಲ್ಲು ಕಿತ್ತು, ಸೋಪು ಹಚ್ಚಿ ಕೈ ತೊಳೆದು, ಮುಂದಿನವರನ್ನು ಕುರ್ಚಿಗೆ ಕರೆಯುವುದು ವಾಡಿಕೆ. ನಮ್ಮಲ್ಲಿ ಇಕ್ಕಳ, ಸೂಜಿ, ಗಾಜಿನ ಸಿರಿಂಜುಗಳು ಕೋಣೆಯ ಮೂಲೆಯಲ್ಲಿ ನೀರಿನಲ್ಲಿ ಕುದಿಯುತ್ತಿದ್ದವು. ಇದರಲ್ಲಿ ತಪ್ಪಿದೆ ಎಂದು ವೈದ್ಯರಿಗೂ ಅನ್ನಿಸಿರಲಿಲ್ಲ, ರೋಗಿಗಳಿಗೂ ಅನ್ನಿಸಿರಲಿಲ್ಲ.

ಇಂದಿನ ಬಿಡಿಎಸ್ ವಿದ್ಯಾರ್ಥಿ ಕೈಗವಸು, ಮಾಸ್ಕು, ಕಣ್ಣಿಗೆ ರಕ್ಷಣೆ ಇಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ. ಆದರೆ ಈ ಮೂರೂ ಈ ವೃತ್ತಿಗೆ ಬಂದ ಬಗೆ ವಿಚಿತ್ರವಾಗಿದೆ. ರೋಗಾಣುಗಳ ವಿಚಾರ ಬಹಳ ಹಿಂದೆಯೇ ಗೊತ್ತಿತ್ತು. ರೂಢಿ ಮಾತ್ರ ಒಂದೊಂದು ಸೋಂಕು ಬಂದು ಹೆದರಿಸಿದ ಮೇಲೆಯೇ ಬಂತು.

ಬಾಯಿಯೊಳಗೆ ಜೀವಿಗಳಿವೆ ಎಂಬುದು ಮೊದಲು ತಿಳಿದದ್ದೇ ಹಲ್ಲಿನ ಕೊಳೆಯಿಂದ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಡಿ ಇಟ್ಟು, ಅಲ್ಲಿ ಓಡಾಡುತ್ತಿದ್ದ ಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಎರಡು ಶತಮಾನಗಳ ನಂತರ, 1890ರಲ್ಲಿ, ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ವಿಲೋಬಿ ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಫ್ರಾನ್ಸಿನ ಚಾರ್ಲ್ಸ್ ಚೇಂಬರ್ಲ್ಯಾಂಡ್ ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್ ಮಾಡಿ ಹತ್ತು ವರ್ಷ ಕಳೆದಿತ್ತು.

ಕೈಗವಸಿನ ಕಥೆಯೂ ಆ ಕಾಲದ್ದೇ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕೈ ಅದ್ದುತ್ತಿದ್ದ ಪಾದರಸದ ದ್ರಾವಣದಿಂದ ಚರ್ಮ ಒಡೆಯುತ್ತಿತ್ತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳುವಾದ ಕೈಗವಸು ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು. ನರ್ಸಿನ ಚರ್ಮ ಕಾಯಲು ಬಂದ ವಸ್ತು ರೋಗಿಯನ್ನೂ ಕಾಯುತ್ತದೆ ಎಂಬುದು ಶಸ್ತ್ರಚಿಕಿತ್ಸಕರಿಗೆ ಹೊಳೆದದ್ದು ಆಮೇಲೆ.

ಇದೇ ಹಾಲ್‌ಸ್ಟೆಡ್ ದಂತವೈದ್ಯರಿಗೆ ಇನ್ನೊಂದು ಕೊಡುಗೆಯನ್ನೂ ಕೊಟ್ಟಿದ್ದರು. 1884-85ರಲ್ಲಿ ಅವರೂ ಅವರ ಸಂಗಡಿಗರೂ ಕೊಕೇನ್ ಚುಚ್ಚಿ ಕೆಳದವಡೆಯ ನರವನ್ನು ಮರಗಟ್ಟಿಸುವ ವಿಧಾನ ಕಂಡುಕೊಂಡರು. ಔಷಧ ಬದಲಾಗಿದ್ದರೂ ಪ್ರತಿಯೊಬ್ಬ ಬಿಡಿಎಸ್ ವಿದ್ಯಾರ್ಥಿಯೂ ಕಲಿಯುವ ‘ಬ್ಲಾಕ್’ ಅದೇ. ಹಲ್ಲಿನ ಡಾಕ್ಟರುಗಳು ಹಾಲ್‌ಸ್ಟೆಡ್‌ರ ಸೂಜಿಯನ್ನು ಒಪ್ಪಿಕೊಂಡರು, ಕೈಗವಸನ್ನು ಬಿಟ್ಟರು. ಗವಸು ತೊಟ್ಟರೆ ಬೆರಳಿನ ಸೂಕ್ಷ್ಮ ಹೋಗುತ್ತದೆ ಎಂಬುದು ಅವರ ವಾದ. ಖರ್ಚಿನ ಮಾತೂ ಇತ್ತು.

1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಕಂಡುಹಿಡಿದ ರಬ್ಬರ್ ಡ್ಯಾಮ್‌ನ ಪಾಡೂ ಹೀಗೆಯೇ ಆಯಿತು. ತೂತು ಮಾಡಿದ ರಬ್ಬರ್ ಹಾಳೆಯೊಳಗಿಂದ ಹಲ್ಲನ್ನು ಮಾತ್ರ ಹೊರಗೆ ತೆಗೆದು, ಎಂಜಲು ತಾಗದಂತೆ ಕೆಲಸ ಮಾಡುವ ಉಪಾಯ ಅದು. ಹಲ್ಲು ಒಣಗಿರಲಿ ಎಂದು ಮಾಡಿದ್ದು ಸೋಂಕಿಗೂ ತಡೆಯಾಗುತ್ತದೆ. ಆದರೆ ಕಾಲೇಜಿನಲ್ಲಿ ಅದನ್ನು ಕಲಿತವರಲ್ಲಿ ಅನೇಕರು ಸ್ವಂತ ಕ್ಲಿನಿಕ್ ಹಾಕಿದ ಮೇಲೆ ಕೈಬಿಡುತ್ತಾರೆ.

ಭಾರತದಲ್ಲಿ ಈ ವಿದ್ಯೆಗೆ ಶಾಲೆ ತೆರೆದವರು ಡಾ. ರಫಿಯುದ್ದೀನ್ ಅಹ್ಮದ್. ಅಮೆರಿಕದ ಅಯೋವಾದಲ್ಲಿ ಓದಿ ಬಂದು, 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ಸ್ಥಾಪಿಸಿದರು. 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ ಶುರುವಾದವು. ಮುಂದೆ ದೇಶದಲ್ಲೇ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳ ಸಾಲಿಗೆ ಕರ್ನಾಟಕ ಸೇರಿತು.

ಬೆಂಗಳೂರಿನ ಕಾಲೇಜು ತೆರೆಯುವ ಹಿಂದಿನ ವರ್ಷವಷ್ಟೇ, 1957ರಲ್ಲಿ, ಅಮೆರಿಕದಲ್ಲಿ ಜಾನ್ ಬೋರ್ಡನ್‌ರ ಏರೋಟರ್ ಮಾರುಕಟ್ಟೆಗೆ ಬಂದಿತ್ತು. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗುವ ಈ ಯಂತ್ರ ರೋಗಿಯ ನೋವನ್ನೂ ವೈದ್ಯರ ಶ್ರಮವನ್ನೂ ಕಡಿಮೆ ಮಾಡಿತು. ಆದರೆ ಹಲ್ಲು ಕಾಯದಿರಲೆಂದು ಚಿಮ್ಮಿಸುವ ನೀರು ಎಂಜಲಿನೊಂದಿಗೆ ಸೇರಿ ಮಂಜಿನಂತೆ ಕೋಣೆಗೆ ಹರಡತೊಡಗಿತು. 1969ರ ಹೊತ್ತಿಗೆ ಅಮೆರಿಕದ ಸಂಶೋಧಕರು ಈ ಹನಿಗಳಲ್ಲಿರುವ ಬ್ಯಾಕ್ಟೀರಿಯಾಗಳನ್ನು ಕೆಮ್ಮು, ಸೀನಿನ ಹನಿಗಳೊಂದಿಗೆ ಹೋಲಿಸಿ ಅಳೆದಿದ್ದರು. ಆದರೂ ಮಾಸ್ಕು ಎಲ್ಲರ ಮುಖಕ್ಕೆ ಏರಲಿಲ್ಲ.

ಮುಂದಿನ ಎಚ್ಚರಿಕೆ ಕೊಟ್ಟದ್ದು ಹೆಪಟೈಟಿಸ್ ಬಿ. ರಕ್ತದಿಂದ ಹರಡುವ ಈ ಸೋಂಕಿನ ಗುರುತು ಸಾಮಾನ್ಯ ಜನರಿಗಿಂತ ದಂತವೈದ್ಯರ ರಕ್ತದಲ್ಲಿ ಹೆಚ್ಚಾಗಿ ಸಿಗತೊಡಗಿತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೂ ಅನುಮತಿ ದೊರೆಯಿತು. ಇಷ್ಟಾದರೂ ಬರಿಗೈ ಕೆಲಸ ನಿಲ್ಲಲಿಲ್ಲ.

ನಿಲ್ಲಿಸಿದ್ದು ಏಡ್ಸ್. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1986ರಲ್ಲಿ ದಂತವೈದ್ಯರಿಗೆಂದೇ ಸೂಚನೆ ಹೊರಡಿಸಿ ಕೈಗವಸು, ಮಾಸ್ಕು, ಕಣ್ಣಿನ ರಕ್ಷಣೆಯ ಮೇಲೆ ಒತ್ತು ಕೊಟ್ಟಿತು. ಭಾರತದ ಮೊದಲ ಎಚ್‌ಐವಿ ಪ್ರಕರಣಗಳು ಚೆನ್ನೈಯಲ್ಲಿ ಪತ್ತೆಯಾದದ್ದೂ ಅದೇ ವರ್ಷ. 1990ರಲ್ಲಿ ಫ್ಲೋರಿಡಾದ ಒಬ್ಬ ದಂತವೈದ್ಯನಿಂದ ರೋಗಿಗೆ ಎಚ್‌ಐವಿ ತಗಲಿರಬಹುದೆಂಬ ವರದಿ ಹೊರಬಿತ್ತು. ಕೊನೆಗೆ ಅಂಥ ರೋಗಿಗಳು ಆರು ಮಂದಿಯಾದರು. ಸೋಂಕು ದಾಟಿದ್ದು ಹೇಗೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಅಮೆರಿಕದ ಜನ ಬೆಚ್ಚಿಬಿದ್ದರು. 1991ರಲ್ಲಿ ಅಲ್ಲಿ ರಕ್ತದ ಸೋಂಕಿನಿಂದ ಕೆಲಸಗಾರರನ್ನು ಕಾಯುವ ಕಾನೂನೇ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ಈ ವೃತ್ತಿಗೆ ಚೆನ್ನಾಗಿ ಒಪ್ಪುತ್ತದೆ.

ಆಗ ನೆಲೆಗೊಂಡ ನಿಯಮ ಸರಳವಾದದ್ದು: ಪ್ರತಿ ರೋಗಿಗೂ ಸೋಂಕಿದೆ ಎಂದುಕೊಂಡೇ ಕೆಲಸ ಮಾಡಬೇಕು. ಯಾರಿಗೆ ಎಚ್ಚರಿಕೆ, ಯಾರಿಗೆ ಬೇಡ ಎಂದು ಮುಖ ನೋಡಿ ತೀರ್ಮಾನಿಸುವಂತಿಲ್ಲ.

2020ರಲ್ಲಿ ಬಂದ ಕೊರೊನಾ ರಕ್ತದ ಬದಲು ಉಸಿರಿನ ದಾರಿ ಹಿಡಿದಿತ್ತು. ಅರ್ಧ ಶತಮಾನದ ಹಿಂದೆ ಅಳೆದಿಟ್ಟಿದ್ದ ಏರೋಟರ್ ಮಂಜು ಏಕಾಏಕಿ ಎಲ್ಲರ ಚಿಂತೆಯಾಯಿತು. ವುಹಾನ್ ವಿಶ್ವವಿದ್ಯಾಲಯದ ದಂತವೈದ್ಯ ತಜ್ಞರು ಆ ಮಾರ್ಚಿನಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಸಿಬ್ಬಂದಿಗೂ ಸೋಂಕು ತಗಲಿದ್ದನ್ನು ಹೇಳಿದರು. ಪಾಠಗಳನ್ನು ಆನ್‌ಲೈನ್ ಮಾಡುವಂತೆಯೂ ಸಲಹೆ ಕೊಟ್ಟರು. ದೇಶದ ಮೊದಲ ಕೋವಿಡ್ ಸಾವು ಅದೇ ತಿಂಗಳು ಕಲಬುರಗಿಯಲ್ಲಿ ಸಂಭವಿಸಿತು. ರಾಜ್ಯದ ಕಾಲೇಜುಗಳು ಬಾಗಿಲು ಹಾಕಿದವು. ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು: ಕಂಟೈನ್‌ಮೆಂಟ್ ವಲಯದಲ್ಲಿ ದಂತ ಕ್ಲಿನಿಕ್ ಮುಚ್ಚಿರಬೇಕು, ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ.

ವಿದ್ಯಾರ್ಥಿಗಳ ಪಾಡು ಬೇರೆಯೇ. ಬಿಡಿಎಸ್‌ನ ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಆಮೇಲೆ ಫ್ಯಾಂಟಮ್ ಹೆಡ್, ಅಂದರೆ ಬೊಂಬೆ ತಲೆಯ ಮೇಲೆ ಕೊರೆದು ತುಂಬಿ ಕೈ ಪಳಗಿಸಬೇಕು. ಓಸ್ವಾಲ್ಡ್ ಫರ್ಗಸ್ 1894ರಲ್ಲಿ ರೂಪಿಸಿದ ಸಾಧನ ಅದು. ಮೂರನೆಯ ವರ್ಷದಿಂದ ಪೋಸ್ಟಿಂಗ್, ನಿಜವಾದ ರೋಗಿಗಳು, ಮುಗಿಸಲೇಬೇಕಾದ ಕೋಟಾ. ಜೂಮ್ ಮತ್ತು ಗೂಗಲ್ ಮೀಟ್‌ಗೆ ಬಂದದ್ದು ಇವುಗಳಲ್ಲಿ ಉಪನ್ಯಾಸವೊಂದೇ. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ವಿದ್ಯಾರ್ಥಿಗಳಿಗೆ ಅದೂ ಪೂರ್ತಿ ದಕ್ಕಲಿಲ್ಲ.

ಆ ವರ್ಷ ಹಲವು ದೇಶಗಳಲ್ಲಿ ದಂತವೈದ್ಯ ವಿದ್ಯಾರ್ಥಿಗಳ ಸಮೀಕ್ಷೆ ನಡೆಯಿತು. ಉತ್ತರಗಳು ಹೆಚ್ಚುಕಡಿಮೆ ಒಂದೇ ಧಾಟಿಯವು. ರೋಗಲಕ್ಷಣ, ಹರಡುವ ಬಗೆ, ಮಾಸ್ಕಿನ ಅಗತ್ಯ ಬಹುಪಾಲು ಜನರಿಗೆ ಗೊತ್ತಿತ್ತು. ಮನೆಯವರಿಗೆ ಸೋಂಕು ಹೊತ್ತೊಯ್ದೇವೆಂಬ ಅಂಜಿಕೆ ಇತ್ತು. ಥಿಯರಿಗೆ ಆನ್‌ಲೈನ್ ಆದೀತು, ಕ್ಲಿನಿಕಲ್ ಕಲಿಕೆಗೆ ಆಗದು ಎಂಬ ಮಾತು ಮತ್ತೆ ಮತ್ತೆ ಬಂತು. ಪಿಪಿಇ ಕಿಟ್ ಬಿಚ್ಚುವ ಕ್ರಮವನ್ನು ವಿಡಿಯೊದಲ್ಲಿ ನೋಡಬಹುದು. ಬಿಚ್ಚುವಾಗ ಗವಸಿನ ಹೊರಮೈ ಮಣಿಕಟ್ಟಿಗೆ ತಾಗಿತೆಂದು ಹೇಳಲು ಪಕ್ಕದಲ್ಲಿ ಮೇಷ್ಟ್ರು ಇರಬೇಕು.

ಅಂಜಿದಷ್ಟು ಅನಾಹುತ ಆಗಲಿಲ್ಲ. 2020ರ ಜೂನ್‌ನಲ್ಲಿ ಅಮೆರಿಕದ 2,195 ದಂತವೈದ್ಯರನ್ನು ವಿಚಾರಿಸಿದಾಗ ಸೋಂಕು ತಗಲಿದ್ದವರ ಪ್ರಮಾಣ ಶೇ. 0.9 ಮಾತ್ರ, ಬಹುತೇಕ ಎಲ್ಲರೂ ರಕ್ಷಣಾ ಕ್ರಮ ಬಿಗಿಗೊಳಿಸಿದ್ದರು. ಚಿಕಿತ್ಸೆಯ ವೇಳೆ ಹಾರುವ ಹನಿಗಳಲ್ಲಿರುವ ಸೂಕ್ಷ್ಮಜೀವಿಗಳು ಹೆಚ್ಚಾಗಿ ಯಂತ್ರದ ನೀರಿನವು, ಎಂಜಲಿನ ಪಾಲು ಕಡಿಮೆ ಎಂದು ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ತೋರಿಸಿದರು. ಏಡ್ಸ್ ಕಾಲದಲ್ಲಿ ಬಂದ ಶಿಸ್ತು ಕೋವಿಡ್ ಕಾಲದಲ್ಲಿ ಕೈಹಿಡಿಯಿತು.

ಹಾಗಿದ್ದೂ 2007ರ ಬಿಡಿಎಸ್ ನಿಯಮಾವಳಿಯಲ್ಲಿ ಸೋಂಕು ನಿಯಂತ್ರಣಕ್ಕೆಂದೇ ಒಂದು ಪ್ರತ್ಯೇಕ ಪತ್ರಿಕೆ ಇರಲಿಲ್ಲ. ವಿಷಯ ಸೂಕ್ಷ್ಮಜೀವಿಶಾಸ್ತ್ರ, ಬಾಯಿಯ ಶಸ್ತ್ರಚಿಕಿತ್ಸೆ ಮೊದಲಾದವುಗಳಲ್ಲಿ ಹರಿದು ಹಂಚಿಹೋಗಿತ್ತು. ಕೈ ತೊಳೆಯುವುದು, ಗವಸು ಬಿಚ್ಚುವುದು, ಆಟೋಕ್ಲೇವ್ ತುಂಬುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕಕ್ಕೆ ಬರಬೇಕು, ಮುಂದಿನ ಪಿಡುಗು ಬರುವ ಮೊದಲೇ ಬರಬೇಕು. ಓದುಗರೂ ಇಷ್ಟು ಮಾಡಬಹುದು: ಮುಂದಿನ ಸಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕುಳಿತಾಗ ಉಪಕರಣದ ಪೊಟ್ಟಣವನ್ನು ನಿಮ್ಮೆದುರೇ ಬಿಚ್ಚಿದರೇ, ಹೊಸ ಗವಸು ತೊಟ್ಟರೇ ಎಂದು ಗಮನಿಸಿ. ಇಲ್ಲವಾದರೆ ಸಂಕೋಚಪಡದೆ ಕೇಳಿ.