ಶನಿವಾರ ತೇಲಿಗಳ ಮರಾಠಿ ಪುಸ್ತಕ

ಥಾಣೆಯ ಟೆಂಭಿ ನಾಕಾ ಕಡೆ ಓಡಾಡುವ ನಮ್ಮಲ್ಲಿ ಎಷ್ಟೋ ಜನ ಶಾರ್ ಹಶಮಾಯಿಮ್ ಸಿನಗಾಗನ್ನು ಗಮನಿಸಿರಲಿಕ್ಕಿಲ್ಲ. 1879ರಲ್ಲಿ ಕಟ್ಟಿದ್ದು, ಹೆಸರಿನ ಅರ್ಥ ‘ಸ್ವರ್ಗದ ಬಾಗಿಲು’. ಪನ್ವೇಲಿನ ಬೆತ್ ಎಲ್ ಇದಕ್ಕಿಂತ 30 ವರ್ಷ ಹಳೆಯದು. ಎರಡೂ ಬೆನೆ ಇಸ್ರೇಲ್ ಯಹೂದಿಗಳವು. ಕೊಂಕಣದ ಹಳ್ಳಿಗಳಲ್ಲಿ ಗಾಣದ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಹಾಗಾಗಿ ಊರವರ ಬಾಯಲ್ಲಿ ‘ಶನಿವಾರ ತೇಲಿ’ಗಳಾದರು. ಮನೆಮಾತು ಮರಾಠಿ.

ಹೀಬ್ರೂ ಇವರಿಗೆ ಮರೆತೇಹೋದಂತಿತ್ತು. ಕಲಿಸಿದವರಲ್ಲಿ ಕೊಚ್ಚಿಯ ಯಹೂದಿಗಳಿದ್ದರು, ಕ್ರೈಸ್ತ ಮಿಷನರಿಗಳೂ ಇದ್ದರು. ಮುಂಬಯಿಯ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಬರೆದ. ಮತಾಂತರದ ಆಸೆಯಿಂದ ಬಂದವರಿಂದ ಇವರು ಅಕ್ಷರವನ್ನಷ್ಟೇ ತೆಗೆದುಕೊಂಡರು. ನನಗಂತೂ ಇದು ಬಹಳ ಇಷ್ಟವಾದ ಸಂಗತಿ.

ಆಮೇಲೆ ಅಚ್ಚಿನ ಪುಸ್ತಕಗಳು ಬಂದವು. ಪೆಸಾಹ್ ಹಬ್ಬದ ರಾತ್ರಿ ಊಟದ ಮುಂದೆ ಕುಳಿತು ಓದುವ ಹಗ್ಗಾದಾ 1846ರಲ್ಲಿ ಮುಂಬಯಿಯಲ್ಲಿ, 1874ರಲ್ಲಿ ಪುಣೆಯಲ್ಲಿ ಮರಾಠಿ ಅನುವಾದದೊಂದಿಗೆ ಹೊರಬಂತು. ಮುಂಬಯಿಯದು ಕಲ್ಲಚ್ಚು. ಕೈಯಲ್ಲಿ ಬರೆದುದನ್ನೇ ಕಲ್ಲಿನಿಂದ ಒತ್ತುವುದರಿಂದ ಹೀಬ್ರೂ ಮೊಳೆ ಹುಡುಕುವ ತಾಪತ್ರಯವಿಲ್ಲ. ಬಲದಿಂದ ಎಡಕ್ಕೆ ಹರಿಯುವ ಹೀಬ್ರೂ, ಎಡದಿಂದ ಬಲಕ್ಕೆ ಹೋಗುವ ಮರಾಠಿ, ಎರಡೂ ಒಂದೇ ಪುಟದಲ್ಲಿ ಕೂರುತ್ತವೆ. ಪುಣೆಯ ಪ್ರತಿಯ ಚಿತ್ರದಲ್ಲಿ ಹುಳಿಯಿಲ್ಲದ ರೊಟ್ಟಿಗೆ ಸಿದ್ಧತೆ ಮಾಡುತ್ತಿರುವ ಹೆಂಗಸರು ಸೀರೆಯುಟ್ಟಿದ್ದಾರೆ.

ಇಂದು ಇ-ರೀಡರಿನಲ್ಲಿ ಓದುವವರಿಗೆ ಯಹೂದಿ ಗ್ರಂಥಗಳ ಬರವಿಲ್ಲ. ಸೆಫಾರಿಯಾ ಎಂಬ ಉಚಿತ ಡಿಜಿಟಲ್ ಗ್ರಂಥಾಲಯ 2017ರಲ್ಲಿ ಸ್ಟೈನ್‌ಸಾಲ್ಟ್ಸ್ ಅವರ ತಾಲ್ಮುದ್ ಆವೃತ್ತಿಯನ್ನು ಇಂಗ್ಲಿಷ್ ಅನುವಾದದ ಸಮೇತ ತೆರೆದಿಟ್ಟಿತು. ಅಲ್ಲಿರುವುದು ಪಠ್ಯ: ಹುಡುಕಬಹುದು, ಅಕ್ಷರ ದೊಡ್ಡದು ಮಾಡಬಹುದು. ಹಳೆಯ ಮರಾಠಿ ಪುಟದ ಸ್ಕ್ಯಾನ್ ಬರೀ ಚಿತ್ರ. ಆರಿಂಚಿನ ಪರದೆಯಲ್ಲಿ ಅಕ್ಷರ ಇರುವೆಯಾಗುತ್ತದೆ. ಹಿಗ್ಗಿಸಿದರೆ ಸಾಲು ಅಂಚಿನಾಚೆ ಓಡುತ್ತದೆ. ಕಲ್ಲಚ್ಚಿನ ಕೈಬರಹವನ್ನು ತಂತ್ರಾಂಶ ಓದಲು ಹೊರಟರೆ ಎಡವುತ್ತದೆ. ವಚನ ಸಂಚಯದಲ್ಲಿ ಒಂದು ಪದ ಕೊಟ್ಟು ವಚನ ಹುಡುಕಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಹೀಬ್ರೂ ಮೂಲ ಎಲ್ಲಿ ಬೇಕಾದರೂ ಸಿಕ್ಕೀತು. ಥಾಣೆಯ ಅಜ್ಜಿಯೊಬ್ಬಳಿಗೆ ಅದರ ಅರ್ಥ ಹೇಳಿದ್ದ ಮರಾಠಿ ಸಾಲು ಚಿತ್ರದೊಳಗೇ ಸಿಕ್ಕಿಕೊಂಡಿದೆ.

ಇನ್ನೊಂದು ತೊಡಕು ಧರ್ಮದ್ದೇ. ಸಬ್ಬತ್ ದಿನ, ಪೆಸಾಹ್‌ನ ಮೊದಲ ರಾತ್ರಿ, ನಿಯಮ ಪಾಲಿಸುವವರು ವಿದ್ಯುತ್ ಉಪಕರಣ ಮುಟ್ಟುವುದಿಲ್ಲ. ಗಾಣ ನಿಲ್ಲುತ್ತಿದ್ದ ದಿನ ಇ-ರೀಡರೂ ನಿಲ್ಲಬೇಕು. ಹಗ್ಗಾದಾ ಬೇಕಾಗುವುದೇ ಆ ರಾತ್ರಿ! ಹಾಗಾಗಿ ಪಠ್ಯ ಬೆರಳಚ್ಚಾದರೂ ಹಬ್ಬದ ಹೊತ್ತಿಗೆ ಮತ್ತೆ ಕಾಗದಕ್ಕೆ ಇಳಿಯಬೇಕು. ಸಾಧನ ಉಳಿದ ದಿನಗಳ ಕಲಿಕೆಗೆ. ಹಗ್ಗಾದಾ ದೊಡ್ಡ ಪುಸ್ತಕವೇನಲ್ಲ. ಹಳೆಯ ಮರಾಠಿ, ಹೀಬ್ರೂ ಎರಡನ್ನೂ ಬಲ್ಲ ನಾಲ್ಕು ಮಂದಿ ಕುಳಿತರೆ ಮುಗಿಯುವ ಕೆಲಸ. ಆದರೆ 1948ರ ನಂತರ ಈ ಸಮುದಾಯದ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಅಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಪುಟದ ಹೀಬ್ರೂ ಸಲೀಸು, ಪಕ್ಕದ ಮರಾಠಿಯೇ ಕಷ್ಟ.