ಮಾತ್ರೆ ಪೆಟ್ಟಿಗೆಯ ಆಚೆಗೆ: ಆರೈಕೆ ಮಂದಿರಗಳ ಔಷಧ ತರಬೇತಿ ಕುರಿತು ಒಂದು ಮರುಓದು

ಇಂಗ್ಲೆಂಡಿನ ವೃದ್ಧರ ಆರೈಕೆ ಮಂದಿರಗಳಲ್ಲಿ ಔಷಧದ ತಪ್ಪುಗಳು ಆಗುತ್ತವೆ ಎಂಬ ಬಗ್ಗೆ ಈಗ ತಕರಾರಿಲ್ಲ. ಬಾರ್ಬರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 55 ಮಂದಿರಗಳ 256 ನಿವಾಸಿಗಳ ಪೈಕಿ 178 ಮಂದಿಗೆ ಸಂಬಂಧಿಸಿ ಕನಿಷ್ಠ ಒಂದು ತಪ್ಪಾದರೂ ಕಂಡುಬಂತು. ವೈದ್ಯರ ಚೀಟಿ, ಔಷಧದಂಗಡಿ, ಕೊಡುವ ಕೈ ಮೂರರಲ್ಲೂ ತಪ್ಪಿತ್ತು. ಸಿಬ್ಬಂದಿಯ ಮಟ್ಟಿಗೆ ಕೆಲಸದ ಹೊರೆ, ಔಷಧ ಹಂಚುವಾಗಿನ ಅಡಚಣೆ, ತರಬೇತಿಯ ಕೊರತೆ ಕಾರಣಗಳೆಂದು ಗುರುತಿಸಲಾಯಿತು. ಅಲ್ಲಿನ ಆರೋಗ್ಯ-ಆರೈಕೆ ಮಾರ್ಗಸೂಚಿಗಳನ್ನು ರೂಪಿಸುವ ಸಂಸ್ಥೆ ನೈಸ್ (NICE) ಹೊರಡಿಸಿದ 2014ರ ಮಾರ್ಗಸೂಚಿ, ತರಬೇತಿ ಪಡೆದು ಸಮರ್ಥರೆಂದು ಖಚಿತಪಟ್ಟವರು ಮಾತ್ರ ಔಷಧ ಕೊಡಬೇಕು, ಆ ಸಾಮರ್ಥ್ಯವನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದಿತು. ಇಷ್ಟರವರೆಗೆ ಒಮ್ಮತವಿದೆ.

ಯಾವುದರಲ್ಲಿ ತರಬೇತಿ ಎಂಬಲ್ಲಿ ಮಾತು ಬೇರೆಯಾಗುತ್ತದೆ. ಅದೇ ಮಂದಿರಗಳ ಮಾಹಿತಿಯನ್ನು ಆಧರಿಸಿ ಆಲ್ಡ್ರೆಡ್ ಮತ್ತು ಸಂಗಡಿಗರು 2011ರಲ್ಲಿ ಬರೆದ ಲೇಖನ, ಔಷಧದ ರೂಪಕ್ಕೂ ತಪ್ಪಿಗೂ ಇರುವ ನಂಟನ್ನು ಅಳೆಯಿತು. ಔಷಧದಂಗಡಿಯಲ್ಲೇ ಹೊತ್ತುಹೊತ್ತಿಗೆ ಗೂಡು ಮಾಡಿದ ಪೆಟ್ಟಿಗೆಯಲ್ಲಿ ತುಂಬಿಕೊಟ್ಟ ಮಾತ್ರೆಗಳಿಗೆ ಹೋಲಿಸಿದರೆ, ದ್ರವ ಔಷಧದಲ್ಲಿ ತಪ್ಪಿನ ಆಡ್ಸ್ (ತಪ್ಪಾದ ಸಲಗಳಿಗೂ ತಪ್ಪಾಗದ ಸಲಗಳಿಗೂ ಇರುವ ಅನುಪಾತ) ಸುಮಾರು 4 ಪಟ್ಟು, ಇನ್‌ಹೇಲರ್‌ನಲ್ಲಿ 30 ಪಟ್ಟಿಗೂ ಹೆಚ್ಚು. ಹಾಗಾದರೆ ಪೆಟ್ಟಿಗೆಯೇ ಸುರಕ್ಷಿತ, ಸಿಬ್ಬಂದಿಗೆ ಪೆಟ್ಟಿಗೆ ಬಳಸುವುದನ್ನು ಕಲಿಸಿದರೆ ಸಾಕು ಎಂದು ಈ ಅಂಕಿಗಳನ್ನು ಓದಬಹುದು. ಆ ಓದನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಆಡ್ಸ್ ಅನುಪಾತವೆಂದರೆ ಸಂಭವದ ಅನುಪಾತವಲ್ಲ. ತಪ್ಪು ಅಪರೂಪವಲ್ಲದ ಕಡೆ ಅದು ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ: ಪೆಟ್ಟಿಗೆಗೆ ಸೇರುವುದೇ ಸುಲಭದ ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ, ಆಗಾಗ ಪ್ರಮಾಣ ಬದಲಾಗುವ ವಾರ್ಫರಿನ್ ಅದರಲ್ಲಿ ಕೂರುವುದು ಕಷ್ಟ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಿಸಿ, ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳಬೇಕು. ಅದನ್ನು ಯಾವ ಗೂಡೂ ಮಾಡಿಕೊಡದು. ಪಾರ್ಕಿನ್ಸನ್ ರೋಗಿಗೆ ಲೆವೊಡೋಪಾ ತಡವಾದರೆ ಕೈಕಾಲು ಬಿಗಿಯುತ್ತದೆ; ಅಲ್ಲಿ ಗಡಿಯಾರವೇ ಔಷಧದ ಅರ್ಧ.

ಇನ್‌ಹೇಲರ್ ಕೊಡುವುದನ್ನು ಹತ್ತಿರದಿಂದ ನೋಡಿ. ಒತ್ತಿ ಬಳಸುವ ಬಗೆಯದಾದರೆ ಡಬ್ಬಿ ಅಲುಗಾಡಿಸಬೇಕು, ಅಜ್ಜಿ ಉಸಿರು ಹೊರಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಬೇಕು, ನಿಧಾನವಾಗಿ ಎಳೆದುಕೊಳ್ಳಲು ಶುರುಮಾಡುತ್ತಿದ್ದಂತೆಯೇ ಒತ್ತಬೇಕು, ಸಾಧ್ಯವಾದರೆ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಎರಡನೆಯ ಪಫ್‌ಗೆ ಮೊದಲು ಅರ್ಧ ನಿಮಿಷವಾದರೂ ಕಾಯಬೇಕು. ಮಾತ್ರೆ ಕೈಗಿಟ್ಟಂತಲ್ಲ ಇದು, ಇಬ್ಬರ ಉಸಿರೂ ಕೈಯೂ ಕೂಡಿಬರಬೇಕಾದ ಕೆಲಸ. ಕೊಟ್ಟವರು ಹಾಳೆಯಲ್ಲಿ ಸಹಿ ಹಾಕಿದರೂ ಔಷಧ ಬಾಯಲ್ಲೇ ಉಳಿದಿರಬಹುದು. ಪಾಠ ಕೇಳಿ, ಪ್ರಶ್ನೆಪತ್ರಿಕೆಗೆ ಸರಿಯುತ್ತರ ಬರೆದವರಿಗೂ ಇದು ಕೈಗೆ ಬಂದಿರುವುದಿಲ್ಲ.

ಆದ್ದರಿಂದ ನನ್ನ ವಾದವಿಷ್ಟು: ತರಬೇತಿಯ ಬಹುಪಾಲು ಹೊತ್ತು ಪೆಟ್ಟಿಗೆಯ ಹೊರಗಿನ ಔಷಧಗಳಿಗೆ, ಅದೂ ನಿವಾಸಿಯ ಮಗ್ಗುಲಲ್ಲೇ ಮಾಡಿ ತೋರಿಸುವುದಕ್ಕೆ ಮೀಸಲಾಗಬೇಕು. ಈ ಮಾತನ್ನು ಅದರ ಮಿತಿಯೊಳಗೇ ಓದಬೇಕು. ಇದಕ್ಕೆ ಆಧಾರವಾದ 2011ರ ಲೇಖನದ್ದು ಗಮನಿಸಿ ದಾಖಲಿಸಿದ ಅಧ್ಯಯನ, ಪ್ರಯೋಗವಲ್ಲ. ಇನ್‌ಹೇಲರ್‌ನ ಹಂತಗಳೇ ಹೆಚ್ಚಾದ್ದರಿಂದ ತಪ್ಪೆಂದು ಎಣಿಸುವ ಅವಕಾಶವೂ ಹೆಚ್ಚು. ತಪ್ಪಿನ ಎಣಿಕೆಯೂ ಹಾನಿಯ ತೂಕವೂ ಒಂದೇ ಅಲ್ಲ. 2009ರ ಅಧ್ಯಯನವೇ ಸಂಭಾವ್ಯ ಹಾನಿಯ ಸರಾಸರಿ ಕಡಿಮೆ ಎಂದಿತ್ತು. ಇನ್ನು ತರಬೇತಿಯೊಂದೇ ಸಾಲದು: ಕೈ ಪಳಗಿದವರನ್ನೂ ಔಷಧ ಹಂಚುವ ಹೊತ್ತಿನಲ್ಲಿ ಫೋನಿಗೆ ಕರೆದರೆ ಕಲಿಕೆ ಕೆಲಸಕ್ಕೆ ಬಾರದು.

ನಮ್ಮ ವೃದ್ಧಾಶ್ರಮಗಳಿಗೆ ಈ ಅಂಕಿಗಳನ್ನು ನೇರವಾಗಿ ಹೊಂದಿಸಲಾಗದು. ಇಲ್ಲಿ ಔಷಧದ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡವಷ್ಟೇ ಓದಬಲ್ಲ ಆರೈಕೆದಾರರಿಗೆ ಕೈಚಳಕಕ್ಕೂ ಮೊದಲು ಹೆಸರನ್ನು ಗುರುತಿಸುವ ತೊಡಕಿದೆ. ಎಲ್ಲೇ ಆಗಲಿ, ಒಮ್ಮೆ ಕಲಿತ ಕೈ ಎಷ್ಟು ತಿಂಗಳಲ್ಲಿ ಮರೆಯುತ್ತದೆ, ವರ್ಷಕ್ಕೊಂದು ಪರಿಶೀಲನೆ ಅದಕ್ಕೆ ಸಾಕೇ ಎಂಬುದನ್ನು ಈ ಎರಡು ಲೇಖನಗಳಿಂದ ತೀರ್ಮಾನಿಸಲಾಗದು.